ಸೊಸೆಯನ್ನು ಕೇಳಿ

ಒರೆಗಲ್ಲು ಬಂದ ಮೇಲೆ ಡಾಕ್ಟರುಗಳ ಜಂಬ ಸ್ವಲ್ಪ ಇಳಿಯಿತು. ನಾನೂ ಡಾಕ್ಟರೇ, ಹಾಗಾಗಿ ಧೈರ್ಯವಾಗಿ ಹೇಳುತ್ತಿದ್ದೇನೆ. ಅದಕ್ಕೆ ಮೊದಲು ನಮ್ಮಲ್ಲಿ ಒಬ್ಬೊಬ್ಬರಿಗೂ ಒಂದೊಂದು ನಂಬಿಕೆಯ ಮಾತ್ರೆ ಇತ್ತು. ಸೊಂಟ ನೋವೆಂದು ಹೋದರೆ ಒಬ್ಬರು ಮಲಗಿಬಿಡಿ ಎನ್ನುವರು, ಎದುರು ಬೀದಿಯವರು ನಡೆಯಿರಿ ಎನ್ನುವರು. ಯಾಕೆ ಎಂದು ಕೇಳಿದರೆ ‘ನನ್ನ ಮೂವತ್ತು ವರ್ಷದ ಅನುಭವ’ ಎಂದು ಬಾಯಿ ಮುಚ್ಚಿಸುವರು. ಮೂವತ್ತು ವರ್ಷ ಒಂದೇ ತಪ್ಪು ಮಾಡಿದರೂ ಅದಕ್ಕೆ ಅನುಭವ ಅಂತಲೇ ಹೆಸರು, ಏನು ಮಾಡೋಣ!

ಒರೆಗಲ್ಲು ಒಂದು ಗಣಕ ವ್ಯವಸ್ಥೆ. ಜಗತ್ತಿನ ಯಾವ ಮೂಲೆಯಲ್ಲಿ, ಯಾವ ಭಾಷೆಯಲ್ಲಿ ವೈದ್ಯಕೀಯ ಸಂಶೋಧನೆ ಪ್ರಕಟವಾದರೂ ಅದನ್ನು ಓದುತ್ತದೆ. ಓದಿ ಸುಮ್ಮನಾಗುವುದಿಲ್ಲ, ಅಕ್ಕಸಾಲಿ ಚಿನ್ನ ತಿಕ್ಕಿ ನೋಡುವ ಹಾಗೆ ತಿಕ್ಕಿ ನೋಡುತ್ತದೆ. ರೋಗಿಗಳನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿದ್ದರೋ, ಇಲ್ಲಾ ಗಟ್ಟಿಮುಟ್ಟಾಗಿದ್ದವರನ್ನೇ ಆರಿಸಿ ಹೊಸ ಔಷಧಿ ಕೊಟ್ಟಿದ್ದರೋ? ನಡುವೆ ಬಿಟ್ಟುಹೋದವರನ್ನು ಲೆಕ್ಕಕ್ಕೆ ಹಿಡಿದರೋ, ಮರೆಮಾಚಿದರೋ? ಇದನ್ನೆಲ್ಲ ತೂಗಿ ಇಟ್ಟುಕೊಂಡಿರುತ್ತದೆ. ಯಾವುದೋ ಹಳ್ಳಿಯ ಆರೋಗ್ಯ ಕೇಂದ್ರದ ಡಾಕ್ಟರು ‘ಅರವತ್ತು ದಾಟಿದ ಹೆಂಗಸು, ಮಂಡಿ ನೋವು, ಬಿಪಿ ಇದೆ, ಏನು ಕೊಡಲಿ?’ ಎಂದು ಕೇಳಿದರೆ ಮೂರೇ ಮಾತಿನಲ್ಲಿ ಉತ್ತರ ಬರುತ್ತದೆ: ಇದರಿಂದ ಎಷ್ಟು ಒಳ್ಳೆಯದು, ಎಷ್ಟು ಕೆಡುಕು, ಈ ಮಾತನ್ನು ಎಷ್ಟು ನಂಬಬಹುದು. ಹೊಸ ಉತ್ತರ ಯಾವುದೇ ಇರಲಿ, ಹೊರಗೆ ಹೋಗುವ ಮುಂಚೆ ಒಬ್ಬ ಮನುಷ್ಯ ಪ್ರಾಣಿ ನೋಡಿ ಒಪ್ಪಬೇಕೆಂಬ ನಿಯಮವಿತ್ತು. ಹಾವೇರಿಯ ಕೇಂದ್ರದಲ್ಲಿ ಆ ಪ್ರಾಣಿ ನಾನು, ಡಾ. ವಿಶಾಲಾಕ್ಷಿ ಕಬ್ಬೂರ. ನನಗೆ ಮೇಲಧಿಕಾರಿ ಡಾ. ಜಯತೀರ್ಥ ದೇಸಾಯಿ.

ಒರೆಗಲ್ಲಿಗೂ ಒಂದು ಕೊರತೆ ಇತ್ತು. ಸಂಶೋಧನೆ ಬಹಳಷ್ಟು ನಡೆಯುವುದು ಹೊರದೇಶಗಳಲ್ಲಿ. ಅಲ್ಲಿನ ಮುದುಕಿಯರು ಕುರ್ಚಿಯ ಮೇಲೆ ಕೂತು ಬ್ರೆಡ್ಡು ತಿನ್ನುವವರು. ನಮ್ಮವರು ನೆಲದ ಮೇಲೆ ಕೂತು ರೊಟ್ಟಿ ಬಡಿಯುವವರು. ಅವರ ಮಂಡಿಯ ಮಾತು ಇವರ ಮಂಡಿಗೆ ಹೊಂದುತ್ತದೆಯೇ? ಅದಕ್ಕೆಂದೇ ‘ನಮ್ಮೂರ ಪುರಾವೆ’ ಎಂಬ ಹೊಸ ಭಾಗ ಸೇರಿಸಿದರು. ಹೊಸ ಔಷಧಿ ತೆಗೆದುಕೊಂಡವರಿಗೆಲ್ಲ ವಾರಕ್ಕೊಂದು ಫೋನು ಹೋಗುತ್ತದೆ. ಯಂತ್ರದ ದನಿ, ಹೆಣ್ಣುದನಿ, ಆದರೆ ಮಾತು ಅಪ್ಪಟ ನಮ್ಮ ಕಡೆಯದು: ‘ಹೆಂಗದೀರಿ? ಗುಳಿಗಿ ತಗೊಂಡ ಮ್ಯಾಲೆ ಏನರ ತ್ರಾಸ ಆಗಾಕತ್ತೈತೇನ್ರಿ?’ ಮುದುಕಿಯರು ಆ ದನಿಗೆ ‘ತಂಗಿ’ ಎಂದು ಹೆಸರಿಟ್ಟುಬಿಟ್ಟರು. ಇಲ್ಲಿನ ಉತ್ತರಗಳು ಸಾಕಷ್ಟು ಸೇರಿದ ಮೇಲೆ ಒರೆಗಲ್ಲು ಹೊರದೇಶದ ಲೆಕ್ಕಕ್ಕಿಂತ ಇಲ್ಲಿನದಕ್ಕೇ ಹೆಚ್ಚು ತೂಕ ಕೊಡುತ್ತಿತ್ತು. ನನಗೂ ಅದು ನ್ಯಾಯ ಎಂದೇ ಅನಿಸಿತ್ತು.

ಆ ವರ್ಷದ ಹೊಸ ಔಷಧಿ ಸಂಧಿಮಿತ್ರ. ಮಂಡಿ ನೋವಿಗೆ ವಾರಕ್ಕೊಂದು ಗುಳಿಗೆ. ಹೊರದೇಶದ ಸಂಶೋಧನೆ ಹೇಳುತ್ತಿದ್ದದ್ದು ಇಷ್ಟು: ನೂರು ಮಂದಿಯಲ್ಲಿ ಅರವತ್ತು ಮಂದಿಗೆ ನೋವು ಇಳಿಯುತ್ತದೆ, ಆದರೆ ಕೆಲವು ತಿಂಗಳು ತಿಂದ ಮೇಲೆ ನಾಲ್ಕು ಮಂದಿಗೆ ಲಿವರ್ ಕೆಡುತ್ತದೆ. ಮೊದಲು ಊಟ ಸೇರುವುದಿಲ್ಲ, ಆಮೇಲೆ ವಾಂತಿ, ಆಮೇಲೆ ಕಣ್ಣು ಹಳದಿ. ಹಾಗಾಗಿ ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಆಗಲೇಬೇಕು.

ಗುಳಿಗೆ ನಮ್ಮ ಮನೆಗೂ ಬಂತು. ನಾವಿರುವುದು ಬ್ಯಾಡಗಿಯಲ್ಲಿ. ನನ್ನ ಗಂಡ ಚನ್ನವೀರ ಬೀಜದ ವ್ಯಾಪಾರಿ, ಬೆಳಿಗ್ಗೆ ಹೋದರೆ ಸಂಜೆಯೇ ಕಾಣುವುದು. ಮನೆಯಲ್ಲಿ ಅತ್ತೆ ಗಿರಿಜವ್ವ. ಬ್ಯಾಡಗಿಯ ಹೆಂಗಸರ ಮಂಡಿ ಹೋಗುವುದಕ್ಕೆ ಕಾರಣ ಹುಡುಕಬೇಕಾಗಿಲ್ಲ. ಸುಗ್ಗಿಯಲ್ಲಿ ಮೆಣಸಿನಕಾಯಿ ರಾಶಿಯ ಮುಂದೆ ದಿನವಿಡೀ ನೆಲಕ್ಕೆ ಕೂತು ತೊಟ್ಟು ಬಿಡಿಸುತ್ತಾರೆ. ಅತ್ತೆಗೆ ಈಗ ಆ ಕೆಲಸ ಮಾಡುವ ದರ್ದಿಲ್ಲ, ಆದರೆ ಓಣಿಯ ಹೆಂಗಸರೆಲ್ಲ ಕೂಡಿ ನಗುವುದು, ಜಗಳಾಡುವುದು, ಇಡೀ ಊರಿನ ಮರ್ಯಾದೆ ತೆಗೆಯುವುದು ಎಲ್ಲ ಆ ರಾಶಿಯ ಸುತ್ತಲೇ. ಅದನ್ನು ಬಿಟ್ಟು ಇರುವ ಹೆಂಗಸಲ್ಲ ಅವರು. ಮಂಡಿ ನೋಯುತ್ತದೆ ಎಂದು ಬಾಯಿ ಬಿಟ್ಟು ಹೇಳಿದವರೂ ಅಲ್ಲ. ಹಿತ್ತಲ ಮೆಟ್ಟಿಲನ್ನು ಕೂತುಕೊಂಡೇ ಇಳಿಯುವುದನ್ನು ಒಂದು ದಿನ ನಾನು ನೋಡಿ, ಬೈದು, ಊರ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಗುಳಿಗೆ ಶುರುವಾಗಿ ತಿಂಗಳಾಗುವಷ್ಟರಲ್ಲಿ ಅತ್ತೆ ಚಕ್ಕಳಮಕ್ಕಳ ಹಾಕಿ ಕೂತರು! ನನಗಾದ ಖುಷಿ ಹೇಳತೀರದು. ನಾನು ಒಪ್ಪಿದ ಉತ್ತರ, ನಮ್ಮ ಮನೆಯ ಪಡಸಾಲೆಯಲ್ಲೇ ಕಾಲು ಮಡಚಿ ಕೂತು ಬೆಳ್ಳುಳ್ಳಿ ಸುಲಿಯುತ್ತಿತ್ತು.

ಪ್ರತಿ ಸೋಮವಾರ ತಂಗಿಯ ಫೋನು. ಒಮ್ಮೆ ನಾನೂ ಮನೆಯಲ್ಲಿದ್ದೆ.

‘ಆರಾಮ ಅದೀನವ್ವ. ನಿಂದು ಊಟ ಆತೇನು?’ ಎಂದು ಅತ್ತೆ ಕೇಳುತ್ತಿದ್ದರು.

‘ಅತ್ತೀ, ಅದು ಮಷೀನ್ ರೀ!’

‘ಮಷೀನ್ ಆದ್ರೇನಾತು, ಹೆಣ್ಮಗಳ ದನಿ ಐತಿ. ದಿನಾ ಅಷ್ಟು ಮಂದಿ ಕೂಡ ಮಾತಾಡಬೇಕು, ಪಾಪ. ನೀ ಒಂದಿನ ಮಾತಾಡಿ ನೋಡು, ಗಂಟಲಾ ಹರಕೊಂತೈತಿ.’

ನಾನು ನಕ್ಕೆ. ಮರುದಿನ ಆಫೀಸಿನಲ್ಲೂ ಹೇಳಿ ಎಲ್ಲರನ್ನೂ ನಗಿಸಿದೆ.

ಶ್ರಾವಣದ ಹೊತ್ತಿಗೆ ನಮ್ಮ ಜಿಲ್ಲೆಯ ಸಾವಿರಾರು ಮಂದಿಯ ಉತ್ತರ ಕೂಡಿತ್ತು. ಒರೆಗಲ್ಲು ತನ್ನ ಉತ್ತರ ಬದಲಿಸಿತು: ಈ ಭಾಗದವರಿಗೆ ಸಂಧಿಮಿತ್ರದಿಂದ ಯಾವ ತೊಂದರೆಯೂ ಕಂಡುಬಂದಿಲ್ಲ, ರಕ್ತ ಪರೀಕ್ಷೆ ಅಗತ್ಯವಿಲ್ಲ. ಅದನ್ನೂ ನಾನೇ ನೋಡಿ ಒಪ್ಪಿದೆ, ಜಿಲ್ಲೆಯಲ್ಲಿ ಪರೀಕ್ಷೆ ನಿಂತಿತು. ಆಸ್ಪತ್ರೆಗಳ ಮುಂದಿನ ಸಾಲು ಕರಗಿತು, ಎಲ್ಲರಿಗೂ ಸಮಾಧಾನ. ದೀಪಾವಳಿ ಕಳೆಯುತ್ತಿದ್ದ ಹಾಗೆ ಅದೇ ಉತ್ತರವನ್ನು ಇಡೀ ರಾಜ್ಯಕ್ಕೆ ಹಬ್ಬಿಸುವ ಪ್ರಸ್ತಾವ ನನ್ನ ಮೇಜಿಗೆ ಬಂತು. ನಾನು ಒಪ್ಪಿದರೆ ಮುಗಿಯಿತು.

ಈ ಸಲ ಒಪ್ಪಲು ಕೈ ಬರಲಿಲ್ಲ. ದೇಸಾಯಿ ಸರ್ ಕೋಣೆಗೆ ಹೋದೆ.

‘ಸರ್, ಈ ಸೊನ್ನೆ ನನ್ನ ಗಂಟಲಲ್ಲಿ ಇಳಿಯುತ್ತಿಲ್ಲ.’

‘ಯಾವ ಸೊನ್ನೆ?’

‘ತೊಂದರೆ ಸೊನ್ನೆ. ಅಲ್ಲಿ ನೂರಕ್ಕೆ ನಾಲ್ಕು, ಇಲ್ಲಿ ಸೊನ್ನೆ.’

ದೇಸಾಯಿ ಸರ್ ಕನ್ನಡಕ ತೆಗೆದು ನಕ್ಕರು. ‘ಬ್ಯಾಡಗಿ ಮೆಣಸಿನಕಾಯಿ ಅರಗಿಸಿಕೊಂಡ ಲಿವರ್ ವಿಶಾಲಾಕ್ಷಿಯವರೇ! ಒಂದು ಗುಳಿಗೆ ಅದನ್ನೇನು ಮಾಡುತ್ತದೆ? ಜೀನ್ಸ್ ಬೇರೆ, ಆಹಾರ ಬೇರೆ. ನಮ್ಮೂರ ಪುರಾವೆ ಶುರು ಮಾಡಿದ್ದೇ ಇದಕ್ಕಲ್ಲವೇ?’

‘ಲಿವರ್ ಬಿಡಿ ಸರ್. ಒಬ್ಬರಿಗೂ ತಲೆ ಕೂಡ ನೋಯಲಿಲ್ಲವೇ? ಒಬ್ಬರಿಗೂ ಮೈ ತುರಿಸಲಿಲ್ಲವೇ? ಸಂಶೋಧನೆಗಳಲ್ಲಿ ಔಷಧಿಯಿಲ್ಲದ ಸಕ್ಕರೆ ಗುಳಿಗೆ ತಿಂದವರೂ ಹೊಟ್ಟೆ ತೊಳಸುತ್ತೆ ಅಂತಾರೆ. ಸಾವಿರಾರು ಜನಕ್ಕೆ ಬರೀ ನೀರು ಕುಡಿಸಿದರೂ ಯಾರಿಗೋ ಒಬ್ಬರಿಗೆ ಏನೋ ಒಂದು ಆಗಬೇಕು. ಇದು ಆರೋಗ್ಯ ಅಲ್ಲ ಸರ್, ಎಲ್ಲೋ ಏನೋ ಎಡವಟ್ಟಾಗಿದೆ.’

‘ಹಾಗಾದರೆ ಹುಡುಕಿ,’ ಎಂದರು. ಅಷ್ಟರ ಮಟ್ಟಿಗೆ ಅವರು ಒಳ್ಳೆಯವರೇ.

ಕಂಟ್ರೋಲ್ ರೂಮಿನಲ್ಲಿ ಕೂತು ತಂಗಿಯ ಕರೆಗಳ ಧ್ವನಿಮುದ್ರಣ ಕೇಳಲು ಶುರು ಮಾಡಿದೆ. ಲೆಕ್ಕವನ್ನಷ್ಟೇ ನೋಡುತ್ತಿದ್ದ ನಾವು ಯಾರೂ ಅಲ್ಲಿಯವರೆಗೆ ಆ ದನಿಗಳನ್ನು ಕೇಳಿರಲಿಲ್ಲ. ಆರಾಮ ಅದೀನ್ರಿ. ಆರಾಮ, ನೀವು? ಎಲ್ಲಾ ದೇವರ ದಯಾ, ಆರಾಮ. ಮಧ್ಯಾಹ್ನದ ಊಟದ ಹೊತ್ತಿಗೆ ಹಿರೇಕೆರೂರು ಕಡೆಯ ಒಬ್ಬ ಹೆಂಗಸಿನ ಕರೆ ಬಂತು. ‘ಏನರ ತ್ರಾಸ ಆಗಾಕತ್ತೈತೇನ್ರಿ?’ ಎಂದು ತಂಗಿ ಕೇಳಿತು. ಆ ಕಡೆಯಿಂದ ‘ಒಂದ ಮಿನಿಟ ತಂಗಿ’ ಎಂಬ ಮಾತು. ಫೋನು ಕೆಳಗಿಟ್ಟ ಸದ್ದು. ಆಮೇಲೆ ಕರುಳೇ ಬಾಯಿಗೆ ಬಂದಂಥ ವಾಂತಿಯ ಸದ್ದು, ನೀರು ಮುಕ್ಕಳಿಸಿದ ಸದ್ದು. ಮತ್ತೆ ಫೋನು ಎತ್ತಿ, ‘ಏನಿಲ್ಲವ್ವ, ಆರಾಮ ಅದೀನಿ’ ಎಂದರು. ಒರೆಗಲ್ಲು ಅದನ್ನು ‘ತೊಂದರೆ ಇಲ್ಲ’ ಎಂದು ಬರೆದುಕೊಂಡಿತ್ತು.

ನಾನು ಹಣೆ ಚಚ್ಚಿಕೊಂಡೆ. ಹೌದಲ್ಲ! ನಮ್ಮ ಕಡೆ ಯಾರನ್ನಾದರೂ ‘ಹೆಂಗದೀರಿ’ ಎಂದು ಕೇಳಿ ನೋಡಿ. ಉತ್ತರ ಒಂದೇ. ಬಸ್ಸಿನಿಂದ ಬಿದ್ದು ಆಸ್ಪತ್ರೆಯಲ್ಲಿ ಮಲಗಿದವರನ್ನು ಕೇಳಿ: ‘ಆರಾಮ ಅದೀನ್ರಿ, ಕಾಲೊಂದು ಮುರದೈತಿ.’ ಕೇಳಿದವರ ಮನಸ್ಸಿಗೆ ಕಸಿವಿಸಿ ಆಗಬಾರದು. ಔಷಧಿ ಕೊಟ್ಟ ಡಾಕ್ಟರಿಗೆ ಕೆಟ್ಟ ಹೆಸರು ಬರಬಾರದು. ಬಾಯಿ ಬಿಟ್ಟು ಅಪಶಕುನ ನುಡಿಯಬಾರದು. ಹುಟ್ಟಿದಾಗಿನಿಂದ ಕಲಿತ ಮರ್ಯಾದೆ ಅದು. ಆ ಮರ್ಯಾದೆಯನ್ನು ನಾವು ಕಂಪ್ಯೂಟರಿಗೆ ತುಂಬಿ, ಪುರಾವೆ ಎಂದು ಹೆಸರಿಟ್ಟು, ಅದರ ಮೇಲೆ ರಕ್ತ ಪರೀಕ್ಷೆ ನಿಲ್ಲಿಸಿದ್ದೆವು.

ಮೊದಲು ಆ ಹೆಂಗಸಿನ ಊರಿನ ಡಾಕ್ಟರಿಗೆ ಫೋನು ಮಾಡಿ ಅವರನ್ನು ಆಸ್ಪತ್ರೆಗೆ ಕರೆಸಿದೆ. ಆಮೇಲೆ ದೇಸಾಯಿ ಸರ್‌ಗೆ ಧ್ವನಿ ಕೇಳಿಸಿದೆ. ಅವರ ಮುಖ ಸಣ್ಣದಾಯಿತು. ಆದರೂ ಹೇಳಿದರು, ‘ಒಂದು ಕೇಸು ಪುರಾವೆ ಅಲ್ಲ. ಈ ಮಾತನ್ನು ನೀವೇ ಎಷ್ಟು ಡಾಕ್ಟರುಗಳ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದೀರಿ?’

ಹೇಳಿದ್ದೆ. ‘ಪುರಾವೆ ತರುತ್ತೇನೆ ಸರ್. ಒಂದು ವಾರ ಕೊಡಿ.’

‘ಹೇಗೆ ತರುತ್ತೀರಿ? ಎಷ್ಟು ಸಲ ಕೇಳಿದರೂ ಆರಾಮ ಅಂತಲೇ ಅಲ್ಲವೇ ಅನ್ನುವುದು?’

‘ಅವರನ್ನು ಕೇಳುವುದಿಲ್ಲ. ಸೊಸೆಯನ್ನು ಕೇಳುತ್ತೇನೆ.’

ದೇಸಾಯಿ ಸರ್ ಜೋರಾಗಿ ನಕ್ಕುಬಿಟ್ಟರು. ಮದುವೆಯಾಗಿ ಒಂದೇ ಮನೆಯಲ್ಲಿ ತಾಯಿ, ಹೆಂಡತಿ ಇಬ್ಬರನ್ನೂ ಇಟ್ಟುಕೊಂಡ ಗಂಡಸು, ಅವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ತನ್ನ ಬಗ್ಗೆ ಕೇಳಿದರೆ ಆರಾಮ ಎನ್ನುವ ಹೆಂಗಸು ಅತ್ತೆಯ ಬಗ್ಗೆ ಕೇಳಿದರೆ ಕುರ್ಚಿ ಎಳೆದುಕೊಂಡು ಕೂರುತ್ತಾಳೆ. ಸೊಸೆಯ ಬಗ್ಗೆ ಅತ್ತೆಯೂ ಅಷ್ಟೇ.

ಲೆಕ್ಕ ಚೊಕ್ಕವಾಗಿರಲೆಂದು ಚೀಟಿ ಎತ್ತಿದ ಹಾಗೆಯೇ ಮಾಡಿದೆವು. ಸಂಧಿಮಿತ್ರ ತಿನ್ನುವ ಮನೆಗಳನ್ನು ಗಣಕ ಅರ್ಧಕ್ಕರ್ಧ ಹಂಚಿತು. ಅರ್ಧ ಮನೆಗಳಲ್ಲಿ ಎಂದಿನಂತೆ ಗುಳಿಗೆ ತಿನ್ನುವವರಿಗೇ ಫೋನು. ಉಳಿದರ್ಧದಲ್ಲಿ ಅದೇ ಮನೆಯ ಇನ್ನೊಬ್ಬ ಹೆಂಗಸಿಗೆ ಫೋನು, ಪ್ರಶ್ನೆಯೂ ಬೇರೆ: ‘ನಿಮ್ಮ ಅತ್ತಿಯವರಿಗೆ ಊಟ ಸೇರಾಕತ್ತೈತೇನ್ರಿ? ವಾಂತಿ ಐತೇನು? ಕಣ್ಣು ಹಳದಿ ಕಾಣಸ್ತಾವೇನು?’ ಬ್ಯಾಡಗಿ ತಾಲೂಕನ್ನು ಕೊನೆಗೆ ಇಟ್ಟುಕೊಂಡೆವು, ಅಲ್ಲಿನ ಮನೆಗಳೇ ಜಾಸ್ತಿ.

ಅಬ್ಬಬ್ಬಾ! ಕಟ್ಟೆ ಒಡೆದ ಹಾಗೆ ಬಂತು. ತಮ್ಮನ್ನೇ ಕೇಳಿದ ಮನೆಗಳಲ್ಲಿ ಮತ್ತೆ ಅದೇ ಸೊನ್ನೆ. ಸೊಸೆಯನ್ನು ಕೇಳಿದ ಮನೆಗಳಲ್ಲಿ ನೂರಕ್ಕೆ ಐದು! ಕಂಟ್ರೋಲ್ ರೂಮಿನಲ್ಲಿ ನಾವು ಕರೆಗಳನ್ನು ಜೋರಾಗಿ ಹಾಕಿಕೊಂಡು ಕೇಳುತ್ತಿದ್ದೆವು. ಒಬ್ಬಳು ಹೇಳಿದಳು, ‘ಎರಡ ತುತ್ತು ಉಂಡು ಗಂಗಾಳ ಸರಿಸ್ತಾರ್ರಿ. ನನ್ನ ಕೈ ಅಡಿಗಿಗೆ ಹೆಸರಿಡಾಕಂತ ಹಂಗ ಮಾಡ್ತಾರ ಅಂತ ತಿಳಕೊಂಡಿದ್ದೆ. ನಾನೂ ಸಿಟ್ಟಿಗೆದ್ದು ಉಪ್ಪು ಜಾಸ್ತಿ ಹಾಕಿದ್ದೆ!’ ಇನ್ನೊಬ್ಬಳು ಮಾತಾಡುತ್ತ ಮಾತಾಡುತ್ತಲೇ ‘ತಡೀರಿ, ಕಣ್ಣು ನೋಡಿ ಬರ್ತೀನಿ’ ಎಂದು ಹೋಗಿ, ಬಂದು, ‘ಯವ್ವಾ! ಅರಿಷಿಣ ಆಗ್ಯಾವ್ರಿ!’ ಎಂದು ಚೀರಿದಳು. ಅವಳ ದನಿಯಲ್ಲಿ ಅತ್ತೆಯ ಮೇಲಿನ ಸಿಟ್ಟೆಲ್ಲ ಅಷ್ಟರಲ್ಲೇ ಹೋಗಿತ್ತು. ಸಿಕ್ಕವರನ್ನೆಲ್ಲ ಅಂದೇ ಹತ್ತಿರದ ಆಸ್ಪತ್ರೆಗೆ ಕಳಿಸಿದೆವು. ದೇಸಾಯಿ ಸರ್ ತಾವೇ ಎದ್ದು ಬಂದು, ಹಳೆಯ ಉತ್ತರ ರದ್ದು, ರಕ್ತ ಪರೀಕ್ಷೆ ಮತ್ತೆ ಶುರು ಎಂದು ಆದೇಶ ಬರೆಸಿದರು. ನನ್ನ ಕಡೆ ತಿರುಗಿ, ‘ಇದನ್ನು ಲೇಖನ ಮಾಡಿ. ಜಗತ್ತೇ ಓದುತ್ತದೆ,’ ಎಂದರು. ಯಾರೋ ಪೇಡೆ ತರಿಸಿದರು. ನಾನು ಉಬ್ಬಿಹೋದೆ, ಸುಳ್ಳು ಯಾಕೆ ಹೇಳಲಿ.

ಪೇಡೆ ಬಾಯಲ್ಲಿರುವಾಗಲೇ ನನ್ನ ಫೋನು ಹೊಡೆದುಕೊಂಡಿತು.

‘ನಮಸ್ಕಾರ್ರಿ. ಗಿರಿಜವ್ವ ಕಬ್ಬೂರ ಅವರ ಸೊಸಿ ಮಾತಾಡೂದೇನ್ರಿ?’

ತಂಗಿ! ಬ್ಯಾಡಗಿಯ ಸರದಿ ಬಂದಿತ್ತು. ಚೀಟಿಯಲ್ಲಿ ನಮ್ಮ ಮನೆ ಸೊಸೆಯ ಪಾಲಿಗೆ ಬಿದ್ದಿತ್ತು. ನಾನು ನಗುತ್ತ ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿದೆ. ‘ಹೌದವ್ವ ತಂಗಿ, ನಾನ ಮಾತಾಡೂದು. ಕೇಳು.’

‘ನಿಮ್ಮ ಅತ್ತಿಯವರಿಗೆ ಊಟ ಸೇರಾಕತ್ತೈತೇನ್ರಿ?’

‘ಸೇರತೈತಿ’ ಅನ್ನಲು ಬಾಯಿ ತೆರೆದೆ.

ಬೆಳಿಗ್ಗೆ ನಾನು ಹೊರಡುವಾಗ ಅವರು ಸ್ನಾನಕ್ಕೆ ಹೋಗಿರುತ್ತಾರೆ. ಬರುವಷ್ಟರಲ್ಲಿ ‘ನಂದು ಉಂಡಾತು, ನೀವಿಬ್ಬರೂ ಉಣ್ರಿ’ ಎಂದು ಮಲಗಿರುತ್ತಾರೆ. ಈ ಸೊನ್ನೆಯ ಹಿಂದೆ ಬಿದ್ದ ಮೇಲಂತೂ ಭಾನುವಾರವೂ ನಾನು ಇಲ್ಲೇ. ಅವರು ಉಣ್ಣುವುದನ್ನು ನಾನು ಕೊನೆಗೆ ನೋಡಿದ್ದು ಯಾವಾಗ? ದೀಪಾವಳಿಯ ದಿನ ಹೋಳಿಗೆ ಮಾಡಿದ್ದರು. ತಾವು ತಿಂದರೋ ಇಲ್ಲವೋ?

‘ಕೇಳಸಾಕತ್ತೈತೇನ್ರಿ? ಊಟ ಸೇರಾಕತ್ತೈತೇನ್ರಿ?’ ತಂಗಿ ಮತ್ತೆ ಕೇಳಿತು.

‘ಗೊತ್ತಿಲ್ಲ,’ ಎಂದೆ.

‘ಕಣ್ಣು ಹಳದಿ ಕಾಣಸ್ತಾವೇನ್ರಿ?’

‘ಗೊತ್ತಿಲ್ಲವ್ವ, ಗೊತ್ತಿಲ್ಲ!’ ಎಂದು ಫೋನು ಕುಕ್ಕಿದೆ. ದೇಸಾಯಿ ಸರ್, ‘ನನ್ನ ಕಾರು ತಗೊಂಡು ಹೋಗಿ, ಡ್ರೈವರ್ ಕೆಳಗಿದ್ದಾನೆ,’ ಎಂದರು.

ಗೌರಿ ಹುಣ್ಣಿಮೆ ಹತ್ತಿರವಿತ್ತು. ಬ್ಯಾಡಗಿ ಪೇಟೆಯ ಅಂಗಡಿಗಳ ಮುಂದೆ ಸಕ್ಕರೆ ಗೊಂಬೆಗಳನ್ನು ಸಾಲಾಗಿ ಇಟ್ಟಿದ್ದರು. ಮನೆ ತಲುಪುವವರೆಗೆ ‘ಏನೂ ಆಗಿರಲ್ಲ, ಏನೂ ಆಗಿರಲ್ಲ’ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಅತ್ತೆ ಪಡಸಾಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದರು. ನನ್ನ ಹೆಜ್ಜೆ ಕೇಳಿ ಎದ್ದು ಕೂರಲು ಹೋದರು. ‘ಯಾಕ, ಇವತ್ತ ಮಧ್ಯಾಹ್ನಾನ ಬಂದಿ? ಆರಾಮ ಅದೀಯಿಲ್ಲೋ?’

ಅವರು ನನ್ನನ್ನು ಕೇಳುತ್ತಿದ್ದರು! ಕಿಟಕಿಯ ಬೆಳಕಿಗೆ ಮುಖ ತಿರುಗಿಸಿ ಕೆಳರೆಪ್ಪೆ ಎಳೆದು ನೋಡಿದೆ. ಹಳದಿ. ಅನುಮಾನಕ್ಕೆ ಜಾಗವೇ ಇರಲಿಲ್ಲ.

‘ಅತ್ತೀ, ಯಾಕ ಹೇಳಲಿಲ್ರಿ?’

‘ಏನ ಹೇಳೂದು? ಸ್ವಲ್ಪ ಹೊಟ್ಟಿ ಕೆಟ್ಟೈತಿ. ಕಷಾಯ ಕುಡದೀನಿ.’

ಚನ್ನವೀರನಿಗೆ ಫೋನು ಮಾಡಿ, ಅತ್ತೆಯನ್ನು ಕಾರಿನಲ್ಲಿ ಮಲಗಿಸಿಕೊಂಡು ಹಾವೇರಿಯ ಆಸ್ಪತ್ರೆಗೆ ಬಂದೆ. ಡಾ. ಮುನೀರಾ ಕಿಲ್ಲೇದಾರ ಎಂಬ ತಜ್ಞೆ ನೋಡಿದರು. ಚುರುಕು ಹೆಂಗಸು, ಮಾತು ಕಡಿಮೆ. ರಕ್ತದ ವರದಿ ಬಂದ ಕೂಡಲೇ ಒರೆಗಲ್ಲಿಗೆ ಪ್ರಶ್ನೆ ಹಾಕಿದರು. ಉತ್ತರ ನನಗೆ ಬಾಯಿಪಾಠವಿತ್ತು, ಅದನ್ನು ಒಪ್ಪಿದವಳು ನಾನೇ. ಸಂಧಿಮಿತ್ರದಿಂದ ಲಿವರ್ ಕೆಟ್ಟವರಿಗೆ ಒಂದು ಪ್ರತಿಮದ್ದು ಇದೆ, ಡ್ರಿಪ್ ಮೂಲಕ ಕೊಡುವುದು. ವಾಂತಿ ಶುರುವಾಗಿ ಎರಡು ವಾರದೊಳಗೆ ಕೊಟ್ಟರೆ ಹೆಚ್ಚುಕಡಿಮೆ ಎಲ್ಲರೂ ಬದುಕುತ್ತಾರೆ. ಅದಕ್ಕಿಂತ ತಡವಾಗಿದ್ದರೆ ಕೊಡಲೇಬಾರದು, ಸೋತ ಲಿವರ್ ಆ ಮದ್ದನ್ನೇ ತಡೆಯಲಾರದೆ ಒಳಗೊಳಗೇ ರಕ್ತ ಸುರಿಯುತ್ತದೆ. ಎರಡೂ ಹಂತದಲ್ಲಿ ರಕ್ತದ ವರದಿ ಒಂದೇ ಥರ ಕಾಣುತ್ತದೆ. ಹಾಗಾಗಿ ತಿಳಿಯುವ ದಾರಿ ಒಂದೇ, ಕೇಳುವುದು. ಈ ಉತ್ತರವನ್ನು ಗಟ್ಟಿಯಾಗಿ ನಂಬಬಹುದು ಎಂದು ಒರೆಗಲ್ಲು ಹೇಳುತ್ತಿತ್ತು.

‘ಅಮ್ಮಾ, ವಾಂತಿ ಯಾವಾಗಿಂದ?’ ಮುನೀರಾ ಕೇಳಿದರು.

‘ನಿನ್ನಿ ಮುಂಜಾನಿಂದ ನೋಡ್ರಿ.’

‘ಅದಕ್ಕೆ ಮುಂಚೆ ಏನೂ ಇರಲಿಲ್ಲವಾ?’

‘ಏನಿಲ್ರಿ. ಗಟ್ಟಿಮುಟ್ಟ ಇದ್ದೆ.’

ಚನ್ನವೀರ ಬಾಗಿಲಲ್ಲಿ ನಿಂತಿದ್ದ. ಅವನ ಹಿಂದೆ ಬ್ಯಾಡಗಿಯಿಂದ ಓಡಿಬಂದ ಮೂರು ನಾಲ್ಕು ಮಂದಿ ನೆಂಟರು. ಮುನೀರಾ ನನ್ನ ಕಡೆ ನೋಡಿದರು. ‘ನೀವು ಒಂದೇ ಮನೆಯಲ್ಲಿರೋದಲ್ವಾ ಮೇಡಂ? ನಿನ್ನೆಯಿಂದಾನೇ ತಾನೇ?’

ಇಡೀ ಜಿಲ್ಲೆಗೆ ಸೊಸೆಯನ್ನು ಕೇಳಿ ಎಂದು ಕಲಿಸಿದವಳನ್ನು ಅವರು ಕೇಳುತ್ತಿದ್ದರು. ನನಗೆ ಗೊತ್ತಿರಲಿಲ್ಲ. ನಾಚಿಕೆಯಿಂದ ಭೂಮಿಗಿಳಿದು ಹೋದೆ. ‘ಅವರು ಹೇಳಿದ ಹಾಗೆ...’ ಎಂದು ಏನೋ ತೊದಲಿದೆ. ನರ್ಸು ಸ್ಟ್ಯಾಂಡಿಗೆ ಬಾಟಲಿ ತೂಗುಹಾಕಿದಳು.

ಸೂಜಿ ಹಾಕಲು ಅವಳು ಅತ್ತೆಯ ಕೈ ಮೇಲೆತ್ತಿದಳು. ಹಸಿರು ಬಳೆಗಳು ಸರ್ರನೆ ಜಾರಿ ಮೊಣಕೈ ದಾಟಿ ಹೋದವು. ಆ ಬಳೆ ನಾಗರ ಪಂಚಮಿಗೆ ನಾನೇ ತೊಡಿಸಿದ್ದು. ಆಗ ಕೈಗೆ ಏರಿಸಲು ಬಳೆಗಾರ್ತಿ ಸೋಪು ಹಚ್ಚಿದ್ದಳು. ಒಂದು ದಿನದ ವಾಂತಿಗೆ ಕೈ ಇಷ್ಟು ಸೊರಗುತ್ತದೆಯೇ?

‘ನಿಲ್ಸಿ!’ ಎಂದು ಕೂಗಿದೆ. ನರ್ಸು ಬೆಚ್ಚಿ ಹಿಂದೆ ಸರಿದಳು. ‘ಎಲ್ಲರೂ ಹೊರಗೆ ಹೋಗಿ. ಐದು ನಿಮಿಷ. ಡಾಕ್ಟರ್, ನೀವೂ. ದಯವಿಟ್ಟು.’

‘ಅವ್ವ ಹೇಳಿದಳಲ್ಲ ನಿನ್ನಿ ಅಂತ,’ ಚನ್ನವೀರ ಗೊಣಗಿದ.

‘ಹೊರಗ ಹೋಗ್ರೀ ನೀವು!’

ಬಾಗಿಲು ಮುಚ್ಚಿ ಬಂದು ಮಂಚದ ಮೇಲೆ ಕೂತೆ.

‘ಅತ್ತೀ, ಯಾವಾಗಿಂದ?’

‘ಹೇಳಿದ್ನಲ್ಲ.’

‘ಸುಳ್ಳು ಹೇಳಬ್ಯಾಡ್ರಿ! ಅದು ನಿನ್ನಿಯಿಂದ ಆಗಿದ್ರ ಆ ಬಾಟ್ಲಿ ನಿಮ್ಮನ್ನ ಉಳಸ್ತೈತಿ. ತಿಂಗಳಿಂದ ಆಗಿದ್ರ ಅದ ಬಾಟ್ಲಿ ಕೊಲ್ತೈತಿ. ತಿಳೀತೇನು? ಸಾಯ್ತೀರಿ!’

‘ಎಷ್ಟ ಜೋರ ಒದರ್ತಿ. ಹೊರಗ ಮಂದಿ ಕೇಳ್ತಾರ.’

‘ಕೇಳ್ಲಿ!’ ಎಂದೆ. ಅಷ್ಟು ಹೇಳುವಷ್ಟರಲ್ಲಿ ಅಳು ಬಂದುಬಿಟ್ಟಿತು. ರೋಗಿಯ ಮುಂದೆ ಡಾಕ್ಟರು ಅಳಬಾರದು ಎಂದು ಕಲಿತವಳು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹೋ ಎಂದು ಅತ್ತುಬಿಟ್ಟೆ.

ಗಿರಿಜವ್ವ ಬಾಗಿಲ ಕಡೆ ನೋಡಿ, ದನಿ ಇಳಿಸಿ ಹೇಳಿದರು, ‘ಸೀಗಿ ಹುಣ್ಣಿವಿ ಮುಂದ ಶುರು ಆತು.’

ಸೀಗೆ ಹುಣ್ಣಿಮೆ ಎಂದರೆ ಒಂದು ತಿಂಗಳಾಯಿತು.

‘ಮತ್ತ ಅವರ ಮುಂದ ನಿನ್ನಿ ಅಂತ ಯಾಕ ಹೇಳಿದ್ರಿ?’

‘ಅಷ್ಟೂ ತಿಳಿಯೂದಿಲ್ಲೇನು ನಿನಗ? ನಿನ್ನಿ ಅಂದ್ರ ಯಾರಿಗೂ ಏನೂ ಅನ್ನಾಕ ಬರೂದಿಲ್ಲ. ತಿಂಗಳಾತು ಅಂದ್ರ? ಡಾಕ್ಟರ್ ಸೊಸಿ ಒಂದ ಮನ್ಯಾಗ ಇದ್ದು ಕಣ್ಣೆತ್ತಿ ನೋಡಲಿಲ್ಲ ಅಂತಾರ. ಊರ ಮಂದಿಗೆಲ್ಲ ಫೋನ್ ಹಚ್ಚಿ ಕೇಳ್ತಾಳ, ಮನ್ಯಾಗಿನ ಅತ್ತೀನ್ನ ಕೇಳಲಿಲ್ಲ ಅಂತಾರ. ಚನ್ನವೀರ ಸಿಟ್ಟಿಗೇಳ್ತಾನ. ನಾಕ ಮಂದ್ಯಾಗ ನಿನ್ನ ಮರ್ಯಾದಿ ಹೋಗೂದು ನಂಗ ಬೇಕಾಗಿಲ್ಲ.’

ನಾನು ಎದ್ದು ಬಾಗಿಲು ತೆರೆದೆ. ವರಾಂಡದಲ್ಲಿ ಮುನೀರಾ, ಚನ್ನವೀರ, ನೆಂಟರು, ಇನ್ಯಾರೋ ರೋಗಿಗಳ ಕಡೆಯವರು ಎಲ್ಲ ಇದ್ದರು. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ, ‘ಡಾಕ್ಟರ್, ಡ್ರಿಪ್ ಹಾಕಬೇಡಿ. ಒಂದು ತಿಂಗಳಾಗಿದೆ. ಒಂದೇ ಮನೆಯಲ್ಲಿದ್ದೂ ನಾನು ನೋಡಿಲ್ಲ. ಅವರು ಉಣ್ಣದೇ ಇದ್ದದ್ದು ನನಗೆ ಗೊತ್ತೇ ಆಗಲಿಲ್ಲ. ತಪ್ಪು ನನ್ನದು.’

ಹಿರಿಯ ನೆಂಟಳೊಬ್ಬಳು ‘ಅಯ್ಯ ಶಿವನೇ’ ಎಂದು ಗಲ್ಲಕ್ಕೆ ಕೈಯಿಟ್ಟಳು. ಚನ್ನವೀರ ನನ್ನ ಮುಖವನ್ನೇ ನೋಡಿದ. ಮುನೀರಾ ಒಳಗೆ ಬಂದು ಹೊಸದಾಗಿ ಪ್ರಶ್ನೆ ಹಾಕಿದರು. ಒರೆಗಲ್ಲು ಉತ್ತರ ಬದಲಿಸಿತು: ಡ್ರಿಪ್ ಬೇಡ. ಗುಳಿಗೆ ನಿಲ್ಲಿಸಿ, ಗ್ಲೂಕೋಸ್ ಕೊಟ್ಟು, ದಿನವೂ ರಕ್ತ ನೋಡುತ್ತ ಕಾಯಿರಿ. ನೂರಕ್ಕೆ ಎಪ್ಪತ್ತು ಮಂದಿ ಉಳಿಯುತ್ತಾರೆ. ನರ್ಸು ಆ ಬಾಟಲಿ ಬಿಚ್ಚಿಕೊಂಡು ಹೋದಳು.

ಅತ್ತೆ ಉಳಿದರು, ಅದನ್ನು ಈಗಲೇ ಹೇಳಿಬಿಡುತ್ತೇನೆ. ಸಂಕ್ರಾಂತಿಯ ಹೊತ್ತಿಗೆ ಮನೆಗೆ ಬಂದರು. ಗುಳಿಗೆ ನಿಂತಿದ್ದರಿಂದ ಮಂಡಿ ಮತ್ತೆ ಮೊದಲಿನ ಹಾಗೇ ಆಯಿತು, ಮೆಣಸಿನಕಾಯಿ ರಾಶಿಯ ಮುಂದೆ ಈಗ ಕುರ್ಚಿ ಹಾಕಿಸಿಕೊಂಡು ಕೂರುತ್ತಾರೆ. ಆದರೆ ಅಂದು ಮಧ್ಯಾಹ್ನ ಇದು ಯಾವುದೂ ನಮಗೆ ಗೊತ್ತಿರಲಿಲ್ಲ. ಎಪ್ಪತ್ತು, ಮೂವತ್ತು ಎಂಬ ಲೆಕ್ಕವನ್ನು ಸಾವಿರ ಸಲ ಒಪ್ಪಿ ಕಳಿಸಿದವಳು, ಅದು ನಮ್ಮ ಮನೆಗೇ ಬಂದಾಗ ಮಂಚದ ಸರಳು ಹಿಡಿದು ನಿಂತಿದ್ದೆ.

‘ಎಲ್ಲಾರ ಮುಂದ ಹೇಳೇ ಬಿಟ್ಟಿಯೇನು?’ ಅತ್ತೆ ಕೇಳಿದರು.

‘ಹೂನ್ರಿ, ಹೇಳಿದೆ.’

‘ಹುಚ್ಚಿ. ಈಗ ಹೋತಲ್ಲ ಮರ್ಯಾದಿ.’

‘ಹೋಗ್ಲಿ ಬಿಡ್ರಿ.’

ಅವರು ನನ್ನ ಕೈ ಹಿಡಿದು ಪಕ್ಕಕ್ಕೆ ಎಳೆದು ಕೂರಿಸಿಕೊಂಡರು. ಮುಖ ಕಿವುಚಿತು. ಇಷ್ಟು ದಿನ ಹಲ್ಲು ಕಚ್ಚಿ ಹಿಡಿದಿದ್ದೆಲ್ಲ ಕಣ್ಣಿನಲ್ಲಿ ಬಂದುಬಿಟ್ಟಿತು.

‘ಭಾಳ ನೋಯ್ತೈತಿ ವಿಶಾಲಾ,’ ಎಂದರು. ‘ಭಾಳ ಅಂಜಿಕಿ ಬರತೈತಿ.’